ಹಳೇ ಲೆನ್ಸಿಗೆ ಹೊಸ ನೌಕರಿ

ಫಿಲ್ಮ್ ಕಾಲದ ಲೆನ್ಸುಗಳು ಇವತ್ತಿನ ಡಿಜಿಟಲ್ ಕ್ಯಾಮೆರಾಕ್ಕೂ ಕೂರುತ್ತವೆ. ಬೇಕಾದದ್ದು ಒಂದು ಅಡಾಪ್ಟರ್, ಜೊತೆಗೆ ಒಂದಿಷ್ಟು ತಾಳ್ಮೆ.

ನಮ್ಮ ಕಡೆ ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಒಂದು ಹಳೇ ಫೋಟೊ ಸ್ಟುಡಿಯೋ ಇದ್ದೇ ಇರುತ್ತದೆ. ಅದರ ಬೋರ್ಡಿನಲ್ಲಿ ಈಗ ಝೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ ಅನ್ನುವ ಅಕ್ಷರಗಳೇ ದೊಡ್ಡವು. ಒಳಗೆ ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ, ದೇವರ ಫೋಟೊ ಪಕ್ಕದಲ್ಲಿ, ಒಂದು ಫಿಲ್ಮ್ ಕ್ಯಾಮೆರಾ ಕೂತಿರುತ್ತದೆ. ಪೆಂಟಾಕ್ಸ್ ಇರಬಹುದು, ಯಾಶಿಕಾ ಇರಬಹುದು, ಅದೃಷ್ಟ ಇದ್ದರೆ ನಿಕಾನ್. ಅದಕ್ಕೆ ಹಾಕಲು ರೀಲು ಹತ್ತಿರದಲ್ಲೆಲ್ಲೂ ಸಿಗುವುದಿಲ್ಲ, ಸಿಕ್ಕರೂ ತೊಳೆದುಕೊಡುವ ಲ್ಯಾಬ್ ಇಲ್ಲ. ಹಾಗಾಗಿ ಕ್ಯಾಮೆರಾ ನಿವೃತ್ತಿಯಾಗಿದೆ. ಆದರೆ ಅದರ ಮುಂದಿರುವ ಲೆನ್ಸ್‌ಗೆ ನಿವೃತ್ತಿಯ ವಯಸ್ಸು ಆಗಿಲ್ಲ.

ನಾರಾಯಣಪುರದ ನಮ್ಮ ಸ್ಟುಡಿಯೋ ಕಾಕಾ ಇದನ್ನು ತಮ್ಮ ಮಾತಿನಲ್ಲಿ ಹೇಳಿದ್ದು ಹೀಗೆ: "ಕ್ಯಾಮೆರಾ ಸತ್ತದವ್ವಾ. ಅದರ ಕಣ್ಣ ಇನ್ನಾ ಜೀವಂತ ಅದ."

ಅವರ ಕಪಾಟಿನಲ್ಲಿದ್ದದ್ದು ಪೆಂಟಾಕ್ಸ್ ಕೆ1000. ಜಪಾನಿನ ಈ ಕ್ಯಾಮೆರಾ 1976ರಿಂದ 1997ರವರೆಗೆ ತಯಾರಾಯಿತು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಬ್ಯಾಟರಿ ಸತ್ತರೂ ಕ್ಯಾಮೆರಾ ನಡೆಯುತ್ತಿತ್ತು. ಅದರ ಜೊತೆ ಬಂದಿದ್ದ ಲೆನ್ಸ್ ಪೆಂಟಾಕ್ಸ್-ಎಂ 50 ಎಂಎಂ ಎಫ್/2. ಅದನ್ನು ಒಂದೂವರೆ ಸಾವಿರಕ್ಕೆ ಕೊಂಡೆ. ಬೆಂಗಳೂರಿಗೆ ವಾಪಸಾದ ಮೇಲೆ ಸಾವಿರದ ನಾನೂರಕ್ಕೆ ಅಡಾಪ್ಟರ್ ತರಿಸಿದೆ. ನನ್ನ ಸೆಕೆಂಡ್ ಹ್ಯಾಂಡ್ ಸೋನಿ ಎ6000ಕ್ಕೆ ಅದು ಕಚ್ಚನೆ ಕೂತಿತು. ಒಟ್ಟು ಖರ್ಚು 2,900 ರೂಪಾಯಿ.

ಇದೇ ಅಳತೆಯ ಹೊಸ ಆಟೊಫೋಕಸ್ ಲೆನ್ಸ್ ಬೇಕು ಅಂದರೆ ಕಂಪನಿ ನೋಡಿಕೊಂಡು ಹತ್ತು ಸಾವಿರದಿಂದ ಶುರುವಾಗಿ ಇಪ್ಪತ್ತು ಸಾವಿರ ದಾಟುತ್ತದೆ. ಮೊದಲ ಕ್ಯಾಮೆರಾದ ಇಎಂಐ ಮುಗಿಯುವ ಮುಂಚೆಯೇ ಲೆನ್ಸಿನ ಇಎಂಐ ಶುರು ಮಾಡಬೇಕೋ ಬೇಡವೋ ಎಂದು ಕೂತು ಲೆಕ್ಕ ಹಾಕುವವರಿಗಾಗಿಯೇ ಈ ಬರಹ.

ಉಂಗುರದ ಒಳಗೆ ಏನೂ ಇಲ್ಲ

ಬೇರೆ ಕಂಪನಿಯ, ನಲವತ್ತು ವರ್ಷ ಹಳೆಯ ಲೆನ್ಸ್ ಹೊಸ ಕ್ಯಾಮೆರಾಕ್ಕೆ ಹೇಗೆ ಹೊಂದುತ್ತದೆ? ಉತ್ತರ ಬಹಳ ಸರಳ.

ಪ್ರತಿ ಲೆನ್ಸೂ ತನ್ನ ಹಿಂಭಾಗದಿಂದ ಒಂದು ನಿಗದಿತ ದೂರದಲ್ಲಿ ಚಿತ್ರ ಮೂಡಿಸುವಂತೆ ತಯಾರಾಗಿರುತ್ತದೆ. ಹಳೇ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿ ಏಳುತ್ತಾ ಇಳಿಯುತ್ತಾ ಇತ್ತು. ಆ ಕನ್ನಡಿಗೆ ಜಾಗ ಬೇಕಲ್ಲ? ಹಾಗಾಗಿ ಪೆಂಟಾಕ್ಸ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 45.46 ಮಿ.ಮೀ. ದೂರ. ನಿಕಾನ್‌ನಲ್ಲಿ 46.5, ಕ್ಯಾನನ್‌ನ ಹಳೇ ಎಫ್‌ಡಿ ಲೆನ್ಸುಗಳಲ್ಲಿ 42.

ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ಕನ್ನಡಿಯೇ ಇಲ್ಲ. ಸೋನಿಯಲ್ಲಿ ಈ ದೂರ 18 ಮಿ.ಮೀ., ನಿಕಾನ್ ಝೆಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20, ಫ್ಯೂಜಿಯಲ್ಲಿ 17.7. ಅಂದ್ರೆ ಪೆಂಟಾಕ್ಸ್ ಲೆನ್ಸಿಗೂ ಸೋನಿ ಕ್ಯಾಮೆರಾಕ್ಕೂ ನಡುವೆ 27 ಮಿ.ಮೀ. ಚಿಲ್ಲರೆ ಖಾಲಿ ಜಾಗ ಉಳಿಯುತ್ತದೆ. ಅಷ್ಟು ದಪ್ಪದ ಒಂದು ಲೋಹದ ಉಂಗುರವೇ ಅಡಾಪ್ಟರ್. ಅದರಲ್ಲಿ ಗಾಜಿಲ್ಲ, ಸರ್ಕ್ಯೂಟ್ ಇಲ್ಲ. ಆದ್ದರಿಂದಲೇ ಅದು ಅಗ್ಗ, ಕೆಡುವಂಥದ್ದೂ ಅದರಲ್ಲಿ ಹೆಚ್ಚಿಲ್ಲ. ಒಂದೇ ಒಂದು ವಿಷಯ ನೋಡಿ: ಕೂರಿಸಿದಾಗ ಲಟಲಟ ಅಲ್ಲಾಡಬಾರದು.

ನಿಮ್ಮ ಹತ್ತಿರ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಇದ್ದರೆ ಲೆಕ್ಕ ಬದಲಾಗುತ್ತದೆ.

- ಕ್ಯಾನನ್ ಡಿಎಸ್‌ಎಲ್‌ಆರ್ (44 ಮಿ.ಮೀ.): ತಿರುಪು ಹಾಕಿ ಕೂರಿಸುವ ಎಂ42 ಲೆನ್ಸುಗಳು, ಹಳೇ ನಿಕಾನ್ ಲೆನ್ಸುಗಳು ತೆಳು ಉಂಗುರದಿಂದ ಕೂರುತ್ತವೆ. ಫುಲ್ ಫ್ರೇಮ್ ಬಾಡಿಯಲ್ಲಿ ಮಾತ್ರ ಕೆಲವು ಲೆನ್ಸುಗಳ ಹಿಂಭಾಗ ಕನ್ನಡಿಗೆ ತಾಗಬಹುದು.
- ನಿಕಾನ್ ಡಿಎಸ್‌ಎಲ್‌ಆರ್: ನಿಕಾನ್‌ನದೇ ಹಳೇ ಲೆನ್ಸ್ ಹುಡುಕುವುದು ಒಳ್ಳೆಯದು. 1959ರಲ್ಲಿ ಬಂದ ಎಫ್ ಮೌಂಟ್ ಅಳತೆಯನ್ನೇ ಅವರು ಉಳಿಸಿಕೊಂಡರು. 1977ರಿಂದ ಈಚೆಗಿನ 'ಎಐ' ಲೆನ್ಸ್ ಆದರೆ ನಿಶ್ಚಿಂತೆ. ಅದಕ್ಕೂ ಹಳೆಯವು ಕೆಲವು ಬಾಡಿಗಳಿಗೆ ಹಾನಿ ಮಾಡುತ್ತವೆ. ಬೇರೆ ಕಂಪನಿಯ ಲೆನ್ಸ್ ಹಾಕಿದರೆ ದೂರದ ವಸ್ತು ಫೋಕಸ್ ಆಗದೆ ಉಳಿಯುವ ಸಾಧ್ಯತೆ ಹೆಚ್ಚು.
- ಪೆಂಟಾಕ್ಸ್ ಡಿಎಸ್‌ಎಲ್‌ಆರ್: ಹಳೇ ಪೆಂಟಾಕ್ಸ್ ಕೆ ಲೆನ್ಸುಗಳು ಅಡಾಪ್ಟರ್ ಇಲ್ಲದೆಯೇ ಕೂರುತ್ತವೆ.

ಇನ್ನೊಂದು ಲೆಕ್ಕ. ಎ6000ದಂಥ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು. ಅದರಲ್ಲಿ 50 ಎಂಎಂ ಲೆನ್ಸ್ 75 ಎಂಎಂನಷ್ಟು ಇಕ್ಕಟ್ಟಾದ ನೋಟ ಕೊಡುತ್ತದೆ. ಮನೆಯ ಪೂರ್ತಿ ಪಡಸಾಲೆ ಇದರಲ್ಲಿ ಹಿಡಿಸುವುದಿಲ್ಲ. ಆದರೆ ಒಬ್ಬರ ಮುಖಕ್ಕೆ ಇದು ಹೇಳಿಮಾಡಿಸಿದ ಅಳತೆ.

ಜಲಾಶಯಕ್ಕಲ್ಲ, ಮುಖಗಳಿಗೆ

ನಾರಾಯಣಪುರ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬಸವಸಾಗರ. ಆಲಮಟ್ಟಿಯ ಕೆಳಗೆ ಕೃಷ್ಣೆಗೆ ಕಟ್ಟಿದ, 1982ರಲ್ಲಿ ಪೂರ್ಣಗೊಂಡ ಅಣೆಕಟ್ಟು. ಮಣ್ಣಿನ ಏರಿಯೂ ಸೇರಿ ಹತ್ತು ಕಿಲೊಮೀಟರ್ ಉದ್ದ, 30 ಗೇಟು. ಮಳೆಗಾಲದಲ್ಲಿ ನೀರು ಬಿಟ್ಟರೆ ಸುತ್ತಲಿನ ಊರಿನವರೆಲ್ಲ ನೋಡಲು ಬರುತ್ತಾರೆ, ಕೆಳಗೆ ಛಾಯಾ ಭಗವತಿ ಗುಡಿ ಜಲಾವೃತವಾಗುತ್ತದೆ, ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ವಿಡಿಯೊ.

ಆ ವಿಡಿಯೊಗೆ ಹಳೇ ಲೆನ್ಸ್ ಬೇಡ. ನಿಮ್ಮ ಫೋನಿನ ವೈಡ್ ಕ್ಯಾಮೆರಾವೇ ಅದನ್ನು ಚೆನ್ನಾಗಿ ಹಿಡಿಯುತ್ತದೆ. 75 ಎಂಎಂನ ಇಕ್ಕಟ್ಟು ನೋಟದಲ್ಲಿ 30 ಗೇಟು ಕೂರಿಸುವುದು ಆಗದ ಮಾತು. ಮೇಲಾಗಿ ಅಣೆಕಟ್ಟೆಯ ಮೇಲೆ ಕ್ಯಾಮೆರಾ ಎತ್ತುವ ಮೊದಲು ಕಾವಲಿನವರನ್ನು ಕೇಳಬೇಕು.

ಹಳೇ ಲೆನ್ಸಿಗೆ ಹಿಡಿಸುವುದು ಊರಿನ ಉಳಿದ ಭಾಗ. ಬೆಳಗಿನ ಎಂಟರೊಳಗೆ ಗುಡಿಯ ಕಂಬಕ್ಕೆ ಒರಗಿ ಕೂತ ಮುತ್ಯಾ. ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ತಲೆ ಮೇಲೆ ಸೆರಗು ಎಳೆದುಕೊಂಡ ಹೆಂಗಸರು. ಚಹಾದಂಗಡಿಯ ಹಬೆ. ಹುಣಸಗಿ ಕಡೆ ಹೊರಟರೆ ರಾಜನಕೋಳೂರಿನ ಕಲ್ಲಿನ ಸಮಾಧಿಗಳು. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದಾನೆ. ಅಡ್ಡಬಿಸಿಲಿನಲ್ಲಿ ಆ ಚಪ್ಪಡಿಗಳ ಒರಟು ಮೈ ಎದ್ದು ಕಾಣುತ್ತದೆ. ಕಲ್ಲು ಅಲ್ಲಾಡುವುದಿಲ್ಲ, ಕೈಯಿಂದ ಫೋಕಸ್ ಮಾಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಮಾಡೆಲ್ ಸಿಗುವುದಿಲ್ಲ.

ಈ ಲೆನ್ಸುಗಳ ಗುಣ ಹೇಳುವುದಾದರೆ: ಪೂರ್ತಿ ತೆರೆದಾಗ, ಅಂದ್ರೆ ಎಫ್/2ರಲ್ಲಿ, ಚಿತ್ರ ಸ್ವಲ್ಪ ಮೆತ್ತಗೆ. ಅಂಚುಗಳು ಇನ್ನೂ ಮೆತ್ತಗೆ. ಬಿಳಿ ಪಂಚೆಯ ಅಂಚಿನಲ್ಲಿ ನೇರಳೆ ಗೆರೆ ಕಾಣಬಹುದು. ಸೂರ್ಯ ಎದುರಿಗಿದ್ದರೆ ಚಿತ್ರದ ತುಂಬ ಹಾಲು ಚೆಲ್ಲಿದಂಥ ಮಬ್ಬು ಕವಿಯುತ್ತದೆ, ಯಾಕೆಂದರೆ ಹೊಸ ಲೆನ್ಸುಗಳಷ್ಟು ಬಿಗಿಯಾದ ಲೇಪನ ಇವಕ್ಕಿಲ್ಲ. ಎಡಗೈಯನ್ನು ಕೊಡೆಯ ಹಾಗೆ ಲೆನ್ಸಿನ ಮೇಲೆ ಹಿಡಿದರೆ ಅರ್ಧ ಸಮಸ್ಯೆ ತೀರಿತು. ಎಫ್/5.6, ಎಫ್/8ಕ್ಕೆ ಬಂದರೆ ಅದೇ ಗಾಜು ಹೊಸ ಕಿಟ್ ಲೆನ್ಸನ್ನು ನಾಚಿಸುವಷ್ಟು ಚೂಪಾಗುತ್ತದೆ.

ಆಧಾರ್ ಕಾರ್ಡಿನ ಆಚೆಗಿನ ಫೋಟೊ

ನಮ್ಮ ಓಣಿಯಲ್ಲಿ ಒಬ್ಬ ಆಯಿ ಇದ್ದಾಳೆ. ಜಲಾಶಯಕ್ಕೆ ಊರು ಮುಳುಗಿದಾಗ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದವಳು. ಕ್ಯಾಮೆರಾ ನೋಡಿದವಳೇ ನನ್ನನ್ನು ಕರೆದಳು.

"ಯವ್ವಾ, ನಾ ಹ್ವಾದಮ್ಯಾಲ ಗ್ವಾಡಿಗಿ ಹಾಕ್ಲಾಕ ಒಂದು ಚಂದನ ಫೋಟೊ ಬೇಕಲ್ಲ. ಆಧಾರ ಕಾರ್ಡಿನ ಫೋಟೊ ಹಾಕಿದ್ರ ಮೊಮ್ಮಕ್ಕಳು ಅಂಜ್ತಾವ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಆಕೆ ಹೇಳಿದ್ದು ನಿಜ. ಮೊಮ್ಮಕ್ಕಳ ಫೋನುಗಳಲ್ಲಿ ಆಕೆ ಇದ್ದಾಳೆ: ಬರ್ತ್‌ಡೇ ಕೇಕಿನ ಹಿಂದೆ, ಸೆಲ್ಫಿಯ ಮೂಲೆಯಲ್ಲಿ, ಅರ್ಧ ಮುಖ. ಆಕೆಯೊಬ್ಬಳೇ ಇರುವ, ಆಕೆಗೋಸ್ಕರ ತೆಗೆದ ಫೋಟೊ ಆಧಾರ್ ಕಾರ್ಡಿನದು ಒಂದೇ.

ತಲಬಾಗಿಲ ಒಳಗೆ, ಬೆಳಕು ಒಂದು ಮಗ್ಗುಲಿಂದ ಬೀಳುವಲ್ಲಿ ಕೂರಿಸಿದೆ. ಫೋನಾಗಿದ್ದರೆ ಒಂದು ಸೆಕೆಂಡಿನ ಕೆಲಸ. ಈ ಲೆನ್ಸಿನಲ್ಲಿ ಫೋಕಸ್ ಉಂಗುರ ತಿರುಗಿಸಬೇಕು, ಪರದೆಯಲ್ಲಿ ಕಣ್ಣನ್ನು ದೊಡ್ಡದು ಮಾಡಿ ನೋಡಬೇಕು, ಮತ್ತೆ ಒಂದು ಎಳೆ ತಿರುಗಿಸಬೇಕು. ಮೊದಲೆರಡು ನಿಮಿಷ ಆಯಿ ಉಸಿರು ಬಿಗಿಹಿಡಿದು, ಪೊಲೀಸರ ಮುಂದೆ ಕೂತವಳ ಹಾಗೆ ಕೂತಿದ್ದಳು. ಮೂರನೇ ನಿಮಿಷಕ್ಕೆ ಆಕೆಗೆ ಬೇಸರ ಬಂತು. ಭುಜ ಇಳಿಯಿತು. "ಇಷ್ಟು ಹೊತ್ತು ಏನ್ ನೋಡ್ತಿ ಬೇ ಅದರಾಗ?" ಅಂದಳು. ಆಮೇಲೆ ಮುಳುಗಿದ ಊರಿನ ಮನೆಯ ಮಾತು ಬಂತು. ಆ ಮನೆಗೂ ಹಿಂಗೇ ಪೂರ್ವಕ್ಕೆ ಬಾಗಿಲಿತ್ತಂತೆ. ಅದನ್ನು ಹೇಳುತ್ತಾ ಬಾಗಿಲ ಕಡೆ ತಿರುಗಿದಳು. ಗೋಡೆಗೆ ಹೋದದ್ದು ಆ ಫೋಟೊ.

ಕಾಕಾನ ಅಂಗಡಿಯಲ್ಲೇ 12×18ರ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಕೊಟ್ಟೆವು. ಆಯಿ ಅದನ್ನು ಅವತ್ತೇ ಗೋಡೆಗೆ ಹಾಕಿಸಿದಳು. "ಮಾಲಿ ಹಾಕಬ್ಯಾಡ್ರಿ ಮತ್ತ, ನಾ ಇನ್ನಾ ಅದೀನಿ" ಎಂದು ಮೊಮ್ಮಕ್ಕಳಿಗೆ ತಾಕೀತು ಬೇರೆ.

ಆ ಚಿತ್ರ ಚೆನ್ನಾಗಿ ಬಂದಿದ್ದು ಗಾಜಿನ ಮಾಯೆಯಿಂದ ಅಂತ ನಾನು ಹೇಳುವುದಿಲ್ಲ. ಹಿನ್ನೆಲೆ ಮಬ್ಬಾಗಿಸುವುದು ಫೋನಿನ ಪೋರ್ಟ್ರೇಟ್ ಮೋಡಿಗೂ ಗೊತ್ತು. ವ್ಯತ್ಯಾಸ ಮಾಡಿದ್ದು ಆ ಐದು ನಿಮಿಷ. ಕ್ಯಾಮೆರಾ ಎದುರು ಎಲ್ಲರೂ ಒಂದು 'ಫೋಟೊ ಮುಖ' ಹಾಕಿಕೊಳ್ಳುತ್ತಾರೆ. ಅದನ್ನು ಬಹಳ ಹೊತ್ತು ಹಿಡಿದಿಡಲು ಯಾರಿಗೂ ಆಗುವುದಿಲ್ಲ. ಆಟೊಫೋಕಸ್ ಆ ಮುಖವನ್ನು ಹಿಡಿದು ಮುಗಿಸಿಬಿಡುತ್ತದೆ; ನಿಧಾನದ ಲೆನ್ಸಿಗೆ ಅದು ಕಳಚುವವರೆಗೆ ಕಾಯದೆ ಬೇರೆ ದಾರಿಯೇ ಇಲ್ಲ. ಅಷ್ಟು ಹೊತ್ತು ನಾವೂ ಫೋನ್ ನೋಡದೆ ಒಬ್ಬರ ಮುಖವನ್ನೇ ನೋಡುತ್ತಿರುತ್ತೇವೆ. ದಿನಾ ಮೀಟಿಂಗಿನಿಂದ ಮೀಟಿಂಗಿಗೆ ಓಡುವ ನಮಗೆ ಇದು ಅಪರೂಪವೇ.

ಹೀಲಿಯೋಸ್ ಮೋಹ

ಹಳೇ ಲೆನ್ಸ್ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವ ಹೆಸರು ಹೀಲಿಯೋಸ್ 44-2. ಸೋವಿಯತ್ ಕಾಲದ 58 ಎಂಎಂ ಎಫ್/2 ಲೆನ್ಸ್, ಜೆನಿತ್ ಕ್ಯಾಮೆರಾಗಳ ಜೊತೆ ಬರುತ್ತಿತ್ತು. ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ ಸೇರಿ ಹಲವು ಕಡೆ ತಯಾರಾಯಿತು. ಇದರ ಮೂಲ ವಿನ್ಯಾಸ ಜರ್ಮನಿಯದು: ಕಾರ್ಲ್ ಝೈಸ್ ಯೇನಾ ಕಂಪನಿಯಲ್ಲಿ ವಿಲ್ಲಿ ಮೆರ್ಟೆ 1927ರಲ್ಲಿ ರೂಪಿಸಿದ ಬಯೊಟಾರ್. ಎರಡನೇ ಮಹಾಯುದ್ಧದ ನಂತರ ಆ ತಂತ್ರಜ್ಞಾನ ಸೋವಿಯತ್ ಒಕ್ಕೂಟಕ್ಕೆ ಹೋಯಿತು.

ಇದರ ಹಿನ್ನೆಲೆ ಸುಳಿಯ ಹಾಗೆ ತಿರುಗಿದಂತೆ ಕಾಣುತ್ತದೆ. ಮರದ ಎಲೆಗಳ ನಡುವಿನಿಂದ ಬರುವ ಬೆಳಕಿನ ಚುಕ್ಕಿಗಳು ಚಿತ್ರದ ನಡುವೆ ದುಂಡಗೆ, ಅಂಚಿಗೆ ಹೋದಂತೆ ಬಾದಾಮಿ ಆಕಾರ. ಸಾಲಾಗಿ ನಿಂತ ಆ ಬಾದಾಮಿಗಳೇ ಸುಳಿ. ಲೆಕ್ಕ ಪ್ರಕಾರ ಇದು ಲೆನ್ಸಿನ ಕೊರತೆ. ಈಗ ಅದೇ ಕೊರತೆಗೆ ಬೇಡಿಕೆ. ಹಾಲಿವುಡ್ಡಿನ 'ಡ್ಯೂನ್: ಪಾರ್ಟ್ ಟು' (2024) ಚಿತ್ರಕ್ಕೂ ಛಾಯಾಗ್ರಾಹಕ ಗ್ರೇಗ್ ಫ್ರೇಜರ್ ಸೋವಿಯತ್ ಕಾಲದ ಲೆನ್ಸುಗಳನ್ನು ಹೊಸ ಕವಚ ಹಾಕಿಸಿ ಬಳಸಿದ್ದಾರೆ.

ಹೆಸರು ಬೆಳೆದ ಹಾಗೆ ಬೆಲೆಯೂ ಬೆಳೆಯಿತು. ಹೀಲಿಯೋಸ್ ಕಡಿಮೆಗೆ ಸಿಕ್ಕರೆ ಬಿಡಬೇಡಿ. ಅದಕ್ಕಾಗಿ ಕಾಯಲೂಬೇಡಿ. ಎ6000ದಂಥ ಚಿಕ್ಕ ಸೆನ್ಸರಿನಲ್ಲಿ ಅಂಚುಗಳು ಕತ್ತರಿಸಿ ಹೋಗುವುದರಿಂದ ಆ ಸುಳಿ ಹೇಗೂ ಅರ್ಧಕ್ಕರ್ಧ ಕಾಣುವುದಿಲ್ಲ. ಪೆಂಟಾಕ್ಸ್, ಯಾಶಿಕಾ, ಮಿನೋಲ್ಟಾ, ಒಲಿಂಪಸ್, ಕ್ಯಾನನ್ ಎಫ್‌ಡಿ: ಯಾವ ಕಂಪನಿಯ 50 ಎಂಎಂ ಆದರೂ ಆಗಲಿ. ಆ ಕಾಲದಲ್ಲಿ ಕ್ಯಾಮೆರಾ ಜೊತೆಯೇ ಬರುತ್ತಿದ್ದ ಲೆನ್ಸ್ ಅದು, ಹಾಗಾಗಿ ಎಲ್ಲ ಕಂಪನಿಗಳೂ ಅದನ್ನು ಮರ್ಯಾದೆಯಾಗಿ ಮಾಡಿವೆ, ರಾಶಿ ರಾಶಿ ಮಾಡಿವೆ.

ಕೊಳ್ಳುವ ಮೊದಲು ಟಾರ್ಚ್ ಹಾಕಿ

ಹಳೇ ಲೆನ್ಸ್ ಕೊಳ್ಳುವುದು ಹಳೇ ಬೈಕ್ ಕೊಂಡ ಹಾಗೆ. ಮೇಲಿನ ಬಣ್ಣ ನೋಡಿ ಮರುಳಾಗಬಾರದು.

- ಬೂಸ್ಟು: ಎರಡೂ ಮುಚ್ಚಳ ತೆಗೆದು, ಫೋನಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿಯಿರಿ. ಗಾಜಿನೊಳಗೆ ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಬೂಸ್ಟು. ಲೇಪನವನ್ನೇ ತಿಂದಿರಬಹುದು. ಮೊದಲ ಲೆನ್ಸಿಗೆ ಈ ತಲೆನೋವು ಬೇಡ.
- ಮಂಜು: ಗಾಜು ಪೂರ್ತಿ ಉಸಿರು ಊದಿದ ಹಾಗೆ ಮಸುಕಾಗಿದ್ದರೆ ಚಿತ್ರವೂ ಹಾಗೇ ಬರುತ್ತದೆ. ನಾಲ್ಕೈದು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ, ಅವು ಚಿತ್ರದಲ್ಲಿ ಕಾಣುವುದಿಲ್ಲ.
- ಗೀರು: ಮುಂದಿನ ಗಾಜಿನ ಸಣ್ಣ ಗೀರು ಅಷ್ಟು ಕಾಡುವುದಿಲ್ಲ. ಹಿಂದಿನ ಗಾಜಿನ ಗೀರು ಕಾಡುತ್ತದೆ.
- ಎಣ್ಣೆ: ಅಪರ್ಚರ್, ಅಂದ್ರೆ ಬೆಳಕು ಒಳಗೆ ಬರುವ ಕಿಂಡಿ, ಅದರ ಪಟ್ಟಿಗಳು ಒಣಗಿರಬೇಕು. ನಮ್ಮ ಕಡೆಯ ಬೇಸಿಗೆಗೆ ಒಳಗಿನ ಗ್ರೀಸ್ ತೆಳುವಾಗಿ ಪಟ್ಟಿಗಳ ಮೇಲೆ ಹರಿದಿರುವ ಸಾಧ್ಯತೆ ಇದೆ. ಹಾಗಾದರೆ ಅವು ಅಂಟಿಕೊಳ್ಳುತ್ತವೆ.
- ಉಂಗುರಗಳು: ಫೋಕಸ್ ಉಂಗುರ ತುಪ್ಪದಲ್ಲಿ ಚಮಚ ತಿರುಗಿಸಿದ ಹಾಗೆ ತಿರುಗಬೇಕು. ಅಪರ್ಚರ್ ಉಂಗುರ ಇದೆಯೇ ನೋಡಿ. ನಿಕಾನ್‌ನ 'ಜಿ' ಲೆನ್ಸುಗಳಂಥ ಇತ್ತೀಚಿನ ಕೆಲವಕ್ಕೆ ಆ ಉಂಗುರವೇ ಇಲ್ಲ; ಸಾದಾ ಅಡಾಪ್ಟರಿನಲ್ಲಿ ಅವುಗಳ ಕಿಂಡಿಯನ್ನು ನಿಯಂತ್ರಿಸಲು ಬರುವುದಿಲ್ಲ.
- ಹಳದಿ: ಪೆಂಟಾಕ್ಸ್‌ನ ಸೂಪರ್ ಟಕುಮಾರ್ 50 ಎಂಎಂ ಎಫ್/1.4ರಂಥ ಕೆಲವು ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇದೆ. ವರ್ಷಗಳು ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ನೇರಳಾತೀತ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ತಿಳಿಯಾಗುತ್ತದೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಟಾರ್ಚ್ ಹಾಕಿದ ಫೋಟೊ ಕೇಳಿ. ಕಳಿಸಲು ನೆಪ ಹೇಳುವವರನ್ನು ಬಿಟ್ಟುಬಿಡಿ.

ಮನೆಗೆ ತಂದ ಮೇಲೆ ಬೀರುವಿನ ಬಟ್ಟೆಗಳ ನಡುವೆ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಸಾಕು. ಎರೆ ಮಣ್ಣಿನ ಧೂಳು ಕೂತರೆ ಅಂಗಿಯ ತುದಿಯಿಂದ ಒರೆಸಬೇಡಿ, ಮೊದಲು ಬ್ಲೋವರಿನಿಂದ ಊದಿ.

ಕ್ಯಾಮೆರಾದಲ್ಲಿ ಮಾಡಬೇಕಾದ ನಾಲ್ಕು ಕೆಲಸ

1. ಮೆನುವಿನಲ್ಲಿ 'ರಿಲೀಸ್ ವಿದೌಟ್ ಲೆನ್ಸ್' ಆಯ್ಕೆಯನ್ನು ಆನ್ ಮಾಡಿ. ಹಳೇ ಲೆನ್ಸಿನಲ್ಲಿ ಎಲೆಕ್ಟ್ರಾನಿಕ್ ಸಂಪರ್ಕ ಇರುವುದಿಲ್ಲ, ಹಾಗಾಗಿ ಕ್ಯಾಮೆರಾ ತನಗೆ ಲೆನ್ಸೇ ಇಲ್ಲ ಎಂದುಕೊಳ್ಳುತ್ತದೆ. ಇದನ್ನು ಆನ್ ಮಾಡದಿದ್ದರೆ ಶಟರ್ ಒತ್ತಿದರೂ ಫೋಟೊ ಬೀಳುವುದಿಲ್ಲ.

2. ಮೋಡ್ ಡಯಲ್ 'ಎ'ಗೆ ತಿರುಗಿಸಿ. ಕಿಂಡಿಯ ಅಳತೆ ಲೆನ್ಸಿನ ಉಂಗುರದಲ್ಲಿ ನಿಮ್ಮ ಕೈಯಲ್ಲಿ, ಶಟರ್ ವೇಗ ಕ್ಯಾಮೆರಾದ ಲೆಕ್ಕ. ಕೈ ನಡುಕ ತಡೆಯುವ ವ್ಯವಸ್ಥೆ ಎ6000ದಲ್ಲಿ ಇಲ್ಲ, ಆದ್ದರಿಂದ ವೇಗ 1/125ಕ್ಕಿಂತ ಕೆಳಗೆ ಇಳಿಯದಂತೆ ಐಎಸ್‌ಒ ಏರಿಸಿಕೊಳ್ಳಿ. ಬಾಡಿಯಲ್ಲೇ ಆ ವ್ಯವಸ್ಥೆ ಇರುವ ಕ್ಯಾಮೆರಾ ಆದರೆ 50 ಎಂಎಂ ಎಂದು ಮೆನುವಿನಲ್ಲಿ ತುಂಬಬೇಕು.

3. 'ಫೋಕಸ್ ಪೀಕಿಂಗ್' ಆನ್ ಮಾಡಿ, ಬಣ್ಣ ಕೆಂಪು ಇಡಿ. ಚೂಪಾಗಿರುವ ಅಂಚುಗಳು ಪರದೆಯಲ್ಲಿ ಕೆಂಪಾಗಿ ಮಿನುಗುತ್ತವೆ. ಇದು ಅಂದಾಜಿಗೆ.

4. ಒಂದು ಬಟನ್ನಿಗೆ 'ಫೋಕಸ್ ಮ್ಯಾಗ್ನಿಫೈ' ಕೊಡಿ. ಕಣ್ಣನ್ನು ದೊಡ್ಡದು ಮಾಡಿ ನೋಡಿ ಫೋಕಸ್ ಮುಗಿಸುವುದು ಇದರಿಂದ.

ಒಂದೂವರೆ ಮೀಟರ್ ದೂರ ಕೂತವರ ಮುಖಕ್ಕೆ ಎಫ್/2ರಲ್ಲಿ ಫೋಕಸ್ ಮಾಡಿದರೆ ಚೂಪಾಗಿ ಸಿಗುವುದು ಸುಮಾರು 7 ಸೆಂ.ಮೀ. ಆಳ ಮಾತ್ರ. ಕಣ್ಣಿಗೆ ಸರಿಯಾದರೆ ಕಿವಿ ಮಬ್ಬು. ಎಫ್/4ಕ್ಕೆ ಬಂದರೆ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೊದಲ ತಿಂಗಳು ಎಫ್/4ರಲ್ಲೇ ಇರಿ. ಮಬ್ಬಿನ ಚಟ ಆಮೇಲೆ ಹತ್ತಿಸಿಕೊಳ್ಳಬಹುದು.

ಯಾವುದಕ್ಕೆ ಬೇಡ

ಓಡಾಡುವ ಮಗು, ಜಾತ್ರೆಯ ತೇರು, ತಾಳಿ ಕಟ್ಟುವ ಕ್ಷಣ: ಇವಕ್ಕೆ ಈ ಲೆನ್ಸ್ ನಂಬಿಕೊಂಡು ಹೋಗಬೇಡಿ. ಮದುವೆಯ ಆರ್ಡರ್ ಹಿಡಿದಿದ್ದರೆ ಆಟೊಫೋಕಸ್ ಇರಲೇಬೇಕು. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮಕ್ಕೆ ಹೋಗಿ ಹಾರುವ ಹಕ್ಕಿ ಹಿಡಿಯಬೇಕು ಅನ್ನುವವರಿಗೂ ಇದಲ್ಲ. ಹಳೇ ಟೆಲಿ ಲೆನ್ಸುಗಳು ಅಗ್ಗಕ್ಕೆ ಸಿಗುತ್ತವೆ ನಿಜ, ರೆಕ್ಕೆಗೆ ಫೋಕಸ್ ಕೂರಿಸುವಷ್ಟರಲ್ಲಿ ಹಕ್ಕಿ ಕೆರೆಯ ಆಚೆ ದಡದಲ್ಲಿರುತ್ತದೆ.

ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರಿಗೆ ಒಂದು ಮಾತು. ಅದರ 50 ಎಂಎಂ ಎಫ್/1.8 ಹೊಸದೇ ಕಡಿಮೆ ಬೆಲೆಗೆ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಇನ್ನೂ ಅಗ್ಗ. ನಿಮಗೆ ಬೇಕಿರುವುದು ಬರೀ ಮಬ್ಬು ಹಿನ್ನೆಲೆಯಾದರೆ ಅದನ್ನೇ ಕೊಳ್ಳಿ.

ವಿಡಿಯೊ ಮಾಡುವವರಿಗೆ ಮಾತ್ರ ಹಳೇ ಲೆನ್ಸ್ ಲಾಭವೇ. ಉಂಗುರ ದೂರದವರೆಗೆ ಮೆಲ್ಲಗೆ ತಿರುಗುವುದರಿಂದ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಫೋಕಸ್ ಜಾರಿಸುವುದು ಸಲೀಸು.

ಕೊನೆಗೆ ಒಂದು ಎಚ್ಚರಿಕೆ. ಅಗ್ಗದ ವಸ್ತು ಹತ್ತು ಕೊಂಡರೆ ಅಗ್ಗವಲ್ಲ. ಮೂರು ಸಾವಿರದ ಲೆನ್ಸ್ ತಿಂಗಳಿಗೊಂದು ಕೊಂಡವರು ವರ್ಷದ ಕೊನೆಗೆ 36 ಸಾವಿರ ಕಳೆದು, ಕಪಾಟು ತುಂಬಿಸಿ ಕೂತಿರುತ್ತಾರೆ. ಒಂದು ಲೆನ್ಸ್, ಆರು ತಿಂಗಳು, ಅಷ್ಟಕ್ಕೇ ಗಂಟು ಹಾಕಿಕೊಳ್ಳಿ.

ಅದೇ ಗಾಜು, ಅದೇ ನೆಗೆಟಿವ್

ಈ ಲೆನ್ಸಿಗೆ ಇನ್ನೂ ಒಂದು ಕೆಲಸವಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅದೇ.

ಸ್ಟುಡಿಯೋಗಳ ಅಟ್ಟದಲ್ಲಿ, ಕೆಲವರ ಮನೆಯ ಟ್ರಂಕಿನಲ್ಲಿ, ನೆಗೆಟಿವ್‌ಗಳು ಇನ್ನೂ ಉಳಿದಿವೆ. ಪ್ರಿಂಟುಗಳು ಮಾಸಿವೆ, ಅಲ್ಬಮ್ಮಿಗೆ ಅಂಟಿಕೊಂಡು ಹರಿದಿವೆ, ಗೆದ್ದಲು ತಿಂದಿವೆ. ನೆಗೆಟಿವ್ ಉಳಿದಿದ್ದರೆ ಚಿತ್ರ ಉಳಿದಿದೆ ಎಂದೇ ಅರ್ಥ. ಸ್ಕ್ಯಾನರ್ ಬೇಕಾಗಿಲ್ಲ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸುಮಾರು 30 ಮಿ.ಮೀ.ನಷ್ಟು ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದರೆ 50 ಎಂಎಂ ಲೆನ್ಸ್ ಹತ್ತಿರದ ವಸ್ತುವನ್ನೂ ದೊಡ್ಡದಾಗಿ ಹಿಡಿಯುತ್ತದೆ. ಎಪಿಎಸ್-ಸಿ ಸೆನ್ಸರಿಗೆ ಒಂದು ನೆಗೆಟಿವ್ ಚೌಕಟ್ಟು ಸರಿಯಾಗಿ ತುಂಬುತ್ತದೆ.

ವಿಧಾನ ಇಷ್ಟೇ. ಎಲ್‌ಇಡಿ ಪ್ಯಾನೆಲ್ ಒಂದನ್ನು ಮಲಗಿಸಿ, ಅದರ ಮೇಲೆ ಬಿಳಿ ಅಕ್ರಿಲಿಕ್ ಹಾಳೆ, ಅದಕ್ಕಿಂತ ಒಂದೆರಡು ಇಂಚು ಮೇಲೆ ನೆಗೆಟಿವ್ ಚಪ್ಪಟೆಯಾಗಿ ಕೂರುವಂತೆ ರಟ್ಟಿನ ಚೌಕಟ್ಟು. ಕ್ಯಾಮೆರಾವನ್ನು ಟ್ರೈಪಾಡಿನಲ್ಲಿ ನೆಟ್ಟಗೆ ಕೆಳಮುಖ ಮಾಡಿ. ಎಫ್/8, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್. ಕೋಣೆಯ ದೀಪ ಆರಿಸಿ. ಬಂದ ಫೈಲಿನ ಬಣ್ಣವನ್ನು ಫೋಟೊ ಆ್ಯಪಿನಲ್ಲಿ ತಿರುವುಮುರುವು ಮಾಡಿದರೆ ಕಪ್ಪು-ಬಿಳುಪು ಚಿತ್ರ ತಕ್ಷಣ ಸಿಗುತ್ತದೆ. ಕಲರ್ ನೆಗೆಟಿವ್‌ಗೆ ಕಿತ್ತಳೆ ಛಾಯೆ ತೆಗೆಯುವ ಇನ್ನೊಂದಿಷ್ಟು ಕೆಲಸ ಇರುತ್ತದೆ. ಒಂದು ಗಂಟೆಯಲ್ಲಿ ಎರಡು ಮೂರು ರೀಲು ಮುಗಿಸಬಹುದು.

ನಮ್ಮ ಅಪ್ಪ ಅವ್ವನ ಮದುವೆಯ ಫೋಟೊ ತೆಗೆದಿದ್ದು ಸ್ಟುಡಿಯೋ ಕಾಕಾ, ಇದೇ ಕೆ1000ದಲ್ಲಿ, ಇದೇ 50 ಎಂಎಂನಲ್ಲಿ. ಎರಡು ರೀಲು, 72 ಚಿತ್ರ. ಅಲ್ಬಮ್ಮಿಗೆ ಹೋದದ್ದು ನಲವತ್ತು. ಉಳಿದವನ್ನು ಪ್ರಿಂಟ್ ಹಾಕಿಸಲು ಆಗ ದುಡ್ಡಿರಲಿಲ್ಲ. ಈ ಸಲ ನೆಗೆಟಿವ್ ಹಿಡಿದಾಗ ಅವೂ ಹೊರಗೆ ಬಂದವು. ಅದರಲ್ಲೊಂದರಲ್ಲಿ ನಮ್ಮ ಮುತ್ಯಾ ಹಂದರದ ಕೆಳಗೆ ಒಬ್ಬನೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾನೆ. ಯಾರೂ ತನ್ನನ್ನು ನೋಡುತ್ತಿಲ್ಲ ಎಂದುಕೊಂಡ ಮುಖ. ಅಪ್ಪ ಫೋನಿನಲ್ಲಿ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮೂರಿನ ಸ್ಟುಡಿಯೋಗೆ ಒಮ್ಮೆ ಹೋಗಿ ಬನ್ನಿ. ಕಪಾಟಿನ ಮೇಲಿನ ಕ್ಯಾಮೆರಾ ಬಗ್ಗೆ ಕೇಳಿ, ಅವರು ತೆಗೆದ ಚಿತ್ರಗಳ ಬಗ್ಗೆ ಕೇಳಿ, ಆಮೇಲೆ ಲೆನ್ಸ್ ಕೇಳಿ. ಅವರು ಹೇಳಿದ ದುಡ್ಡು ನ್ಯಾಯ ಅನ್ನಿಸಿದರೆ ಚೌಕಾಶಿ ಮಾಡದೆ ಕೊಡಿ. ನೆಗೆಟಿವ್ ಇದ್ದರೆ ಮೊದಲು ನಿಮ್ಮ ಮನೆಯದು ಹುಡುಕಿ. ಬೇರೆಯವರದ್ದು ಸಿಕ್ಕರೆ ಆ ಮನೆಯವರಿಗೇ ಮುಟ್ಟಿಸಿ, ಅವರನ್ನು ಕೇಳದೆ ಎಲ್ಲೂ ಹಾಕಬೇಡಿ. ಮನೆಗೆ ಬಂದ ಮೇಲೆ ಎಲ್ಲರಿಗಿಂತ ಹಿರಿಯರನ್ನು ಬಾಗಿಲ ಬೆಳಕಿಗೆ ಕೂರಿಸಿ.

ಕಾಕಾನ ಅಟ್ಟದಲ್ಲಿ ಇನ್ನೂ ಎಂಟು ಡಬ್ಬಿ ನೆಗೆಟಿವ್ ಇವೆ. ದೀಪಾವಳಿಗೆ ನನಗೆ ನಾಲ್ಕು ದಿನ ರಜೆ. ಎರಡು ಡಬ್ಬಿಯಾದರೂ ಮುಗಿಯಬೇಕು.